ಮೊದಲು ಅಜ್ಜಿಯ ಹಾಡು, ಆಮೇಲೆ ಯಂತ್ರದ ಚಮತ್ಕಾರ

1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಮನೆ, ಗದ್ದೆ ಬಿಟ್ಟು ಬಂದವರ ಜೊತೆಗೆ ಬಂದದ್ದು ನಾಲಿಗೆಯ ಮೇಲಿನ ಹಾಡುಗಳು. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹಿರಿಯರ ದಮಾಮ್ ಪದಗಳೂ ಬಾಯಿಂದ ಬಾಯಿಗೆ ಬಂದವೇ. ಆ ಹಿರಿಯರು ಕಣ್ಮುಚ್ಚಿದ ಮೇಲೆ ಉಳಿಯುವುದೇನು?

ಯುವಜನರೇ, ಧ್ವನಿಮುದ್ರಣ ಕಲಿಯಿರಿ. 2000ದಲ್ಲಿ ಹೊರಬಂದ 'ಅಡಾಸಿಟಿ' ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಪರದೆ ತುಂಬ ಗುಂಡಿಗಳನ್ನು ಕಂಡು ಹೆದರಬೇಡಿ. ಮೊದಲ ದಿನಕ್ಕೆ ಮೂರೇ ಸಾಕು: ಕೆಂಪು ವೃತ್ತ ಒತ್ತಿದರೆ ಮುದ್ರಣ, ಚೌಕ ಒತ್ತಿದರೆ ನಿಲುಗಡೆ, ಹಸಿರು ತ್ರಿಕೋನ ಒತ್ತಿದರೆ ಹಾಡು ಕೇಳಿಸುತ್ತದೆ.

1. ಮೊದಲು ನಿಮ್ಮ ದನಿಯಲ್ಲೇ ಅಭ್ಯಾಸ ಮಾಡಿ. ಅಜ್ಜಿಯನ್ನು ಕೂರಿಸಿಕೊಂಡು ಗುಂಡಿ ಹುಡುಕಬೇಡಿ.

2. ದಮಾಮ್ ಗಟ್ಟಿ ಸದ್ದಿನ ವಾದ್ಯ. ಧ್ವನಿಮಟ್ಟದ ಪಟ್ಟಿ ಕೆಂಪಾದರೆ ಸದ್ದು ಒಡೆಯುತ್ತದೆ. ಆ ಒಡಕು ಆಮೇಲೆ ಪೂರ್ತಿ ಹೋಗದು. ಮಟ್ಟ ತಗ್ಗಿಸಿ, ಮೈಕನ್ನು ಹಾಡುವವರ ಹತ್ತಿರ, ವಾದ್ಯದಿಂದ ದೂರ ಇಡಿ.

3. ತಂತ್ರಾಂಶದ ಟಿಕ್‌ ಟಿಕ್ ತಾಳಕ್ಕೆ ಹಿರಿಯರನ್ನು ಕಟ್ಟಿಹಾಕಬೇಡಿ. ಕೈ, ಕೊರಳು ಒಟ್ಟಿಗೆ ಹೋಗುವ ಹಾಡನ್ನು ಒಟ್ಟಿಗೇ ಮುದ್ರಿಸಿ.

4. ಮೂಲವನ್ನು 'ವೇವ್' ರೂಪದಲ್ಲಿ ಎರಡು ಕಡೆ ಇಡಿ. ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಕೀಬೋರ್ಡು, ಗಿಟಾರು ಸೇರಿಸುವುದಿದ್ದರೆ ಇನ್ನೊಂದು ಪ್ರತಿಯಲ್ಲಿ ಸೇರಿಸಿ.

ಹಾಡು ಅವರದು, ಆದ್ದರಿಂದ ಒಪ್ಪಿಗೆ ಕೇಳಿ. ಈ ಭಾನುವಾರ ಊಟವಾದ ಮೇಲೆ ಒಂದೇ ಒಂದು ಹಾಡು ಮುದ್ರಿಸಿ, ಊರಿಗೆ ಕೇಳಿಸುವ ಮೊದಲು ಅಜ್ಜಿಗೆ ಕೇಳಿಸಿ.