‘ಮಿ’ ಎಲ್ಲಿ, ‘ಟು ಮಿ’ ಎಲ್ಲಿ?

‘ನನಗೆ ಹೇಳಿ’, ‘ನನಗೆ ವಿವರಿಸಿ’: ಎರಡಕ್ಕೂ ಕನ್ನಡದಲ್ಲಿ ‘ನನಗೆ’ ಸಾಕು. ಉರ್ದುವಿನ ‘ಮುಝೆ’, ಮರಾಠಿಯ ‘ಮಲಾ’ ಕೂಡ ಹಾಗೆಯೇ. ಅದಕ್ಕೇ ಬೀದರ್, ಭಾಲ್ಕಿ, ಔರಾದಿನ ನಮ್ಮ ಬಾಯಲ್ಲಿ ‘ಎಕ್ಸ್‌ಪ್ಲೇನ್ ಮಿ’ ಸಹಜವಾಗಿ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಇದನ್ನು ತೀರ್ಮಾನಿಸುವುದು ಕ್ರಿಯಾಪದ.

1. ಟೆಲ್, ಗಿವ್, ಶೋ, ಸೆಂಡ್: ನೇರವಾಗಿ ‘ಮಿ’. ಉದಾ: ‘ಟೆಲ್ ಮಿ ದಿ ಆನ್ಸರ್.’

2. ಸೇ, ಎಕ್ಸ್‌ಪ್ಲೇನ್, ಸಜೆಸ್ಟ್: ‘ಟು’ ಬೇಕೇ ಬೇಕು. ಉದಾ: ‘ಎಕ್ಸ್‌ಪ್ಲೇನ್ ದಿ ಆನ್ಸರ್ ಟು ಮಿ.’

3. ಕೊಡುವ ವಸ್ತುವಿಗೂ ‘ಇಟ್’ ಬಳಸಿದರೆ ‘ಗಿವ್’ ಜೊತೆಗೂ ‘ಟು’ ಸೇರಿಸಿ: ‘ಗಿವ್ ಇಟ್ ಟು ಮಿ.’

‘ಎಕ್ಸ್‌ಪ್ಲೇನ್ ಮಿ’ ಎಂದರೂ ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಅದು ತಪ್ಪೇ. ಹೊಸ ಕ್ರಿಯಾಪದ ಕಲಿತಾಗ ‘ಟು’ ಬೇಕೋ ಬೇಡವೋ ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.