ಕಾಗದದ ಮೇಲೆ ಲೋಹಗಳನ್ನು ಬಿಡಿಸುವ ಬಗೆ

ಲೆಡ್ಜರಿನ ಮೇಲೆ ನೀರು ಚೆಲ್ಲಿದರೆ ಗುಮಾಸ್ತನ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಒದ್ದೆ ಮಸಿಯನ್ನು ಒಂದು ಗಳಿಗೆ ದಿಟ್ಟಿಸಿದವರು ಒಂದು ವಿಚಿತ್ರವನ್ನು ಕಂಡಿರಬೇಕು. ಕಪ್ಪೆಂದು ತಿಳಿದಿದ್ದ ಮಸಿಯಲ್ಲಿ ನೀಲಿ ಒಂದು ಕಡೆಗೆ, ಕೆಂಪು ಮತ್ತೊಂದು ಕಡೆಗೆ ಹರಿದು ನಿಂತಿರುತ್ತದೆ. ಇದೇ ತತ್ತ್ವದಿಂದ ಲೋಹಗಳನ್ನೂ ಬಿಡಿಸಬಹುದು. ಆ ವಿಧಾನಕ್ಕೆ ಕಾಗದ ಕ್ರೊಮ್ಯಾಟೋಗ್ರಫಿ ಎಂದು ಹೆಸರು. ಇದು ಕಾಲೇಜಿನ ಮಕ್ಕಳಿಗೆ ಪಾಠವೇನೋ ಸರಿ. ಅಮೀರ್‌ಪೇಟ್‌ನಿಂದ ಸನತ್‌ನಗರ, ಬಾಲಾನಗರಗಳ ಕಾರ್ಖಾನೆಗಳಿಗೆ ಹೋಗಿಬರುವ ನಮ್ಮ ವಾಚಕರಿಗೂ ತಿಳಿದಿರಬೇಕಾದದ್ದೆಂದು ನಮ್ಮ ಅಭಿಪ್ರಾಯ.

ಗಿರಣಿಯವರಾದ ನಮಗೆ ಇದರಲ್ಲಿ ಕೊಂಚ ಹೆಮ್ಮೆಯೂ ಉಂಟು. ಈ ವಿದ್ಯೆ ಬೆಳೆದದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಉದ್ಯಮದ ಸಂಶೋಧನಾಲಯದಲ್ಲಿ. ಉಣ್ಣೆಯಲ್ಲಿರುವ ಅಮೈನೋ ಆಮ್ಲಗಳನ್ನು ಬಿಡಿಸಲು ಹೊರಟ ಮಾರ್ಟಿನ್ ಮತ್ತು ಸಿಂಜ್ ಎಂಬವರಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆ. ವಿ. ಗಿರಿ ಮತ್ತು ಎನ್. ಎ. ಎನ್. ರಾವ್ ಅವರು ದುಂಡು ಕಾಗದದ ನಡುವಿನಿಂದ ದ್ರವವನ್ನು ಹರಿಸಿ, ಅಮೈನೋ ಆಮ್ಲಗಳನ್ನು ಬಳೆಗಳಂತೆ ಬಿಡಿಸುವ ಕ್ರಮವನ್ನು ಪ್ರಕಟಿಸಿದರು.

ಇನ್ನು ಲೋಹಗಳ ವಿಷಯ. ತಾಮ್ರ, ಕೋಬಾಲ್ಟ್, ನಿಕಲ್ ಮೂರರ ಲವಣಗಳೂ ಕಲೆತ ಒಂದು ದ್ರಾವಣವಿದೆ ಎನ್ನಿ. ಶೋಧಕ ಕಾಗದದ ಪಟ್ಟಿಯ ಬುಡದಿಂದ ಎರಡು ಸೆಂಟಿಮೀಟರ್ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅಲ್ಲಿ ಸಣ್ಣದೊಂದು ತೊಟ್ಟಿಟ್ಟು ಒಣಗಿಸಬೇಕು. (ಮಸಿ ಪೆನ್ನಿನಿಂದ ಗೆರೆ ಎಳೆದರೆ ಗೆರೆಯೇ ಓಡಲು ಹೊರಡುತ್ತದೆ!) ಮುಚ್ಚಳವಿರುವ ಜಾಡಿಯಲ್ಲಿ ಅಸಿಟೋನ್, ಹೈಡ್ರೋಕ್ಲೋರಿಕ್ ಆಮ್ಲ, ಸ್ವಲ್ಪ ನೀರು ಬೆರೆಸಿ, ತೊಟ್ಟು ಮುಳುಗದಂತೆ ಪಟ್ಟಿಯ ತುದಿಯನ್ನಷ್ಟೇ ಅದ್ದಿ ನಿಲ್ಲಿಸಬೇಕು. ದ್ರವ ತಾನಾಗಿ ಮೇಲೇರುತ್ತದೆ. ಬಳಿಕ ಪಟ್ಟಿಯನ್ನು ತೆಗೆದು ಒಣಗಿಸಿ, ಅಮೋನಿಯಾದ ಹಬೆಗೆ ಹಿಡಿದು, ರುಬಿಯಾನಿಕ್ ಆಮ್ಲವನ್ನು ಸಿಂಪಡಿಸಿದರೆ ಮೂರು ಕಲೆಗಳು ಮೂಡುತ್ತವೆ. ಎಲ್ಲಕ್ಕೂ ಮುಂದೆ ತಾಮ್ರದ ಕಡುಹಸಿರು, ನಡುವೆ ಕೋಬಾಲ್ಟಿನ ಹಳದಿಗಂದು, ಗೆರೆಯ ಬಳಿಯೇ ನಿಕಲ್ಲಿನ ನೀಲಿ. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುವ ವಸ್ತು, ಆಮ್ಲದ ಹಬೆ ಎದೆಗೆ ಕೆಟ್ಟದ್ದು. ಆದುದರಿಂದ ಇದು ಅಡಿಗೆಮನೆಯ ಕೆಲಸವಲ್ಲ, ಪ್ರಯೋಗಶಾಲೆಯದು.

ನಿಕಲ್ ಏಕೆ ಹಿಂದುಳಿಯಿತು? ಕಾಗದದ ನಾರಿಗೆ ಕಣ್ಣಿಗೆ ಕಾಣದ ನೀರಿನ ಪೊರೆ ಅಂಟಿಕೊಂಡೇ ಇರುತ್ತದೆ. ತಾಮ್ರ ಮತ್ತು ಕೋಬಾಲ್ಟ್ ಆಮ್ಲದಲ್ಲಿನ ಕ್ಲೋರೈಡನ್ನು ಅಂಗಿಯಂತೆ ತೊಡುತ್ತವೆ. ಇದನ್ನೇ ಲೋಹ ಸಂಕೀರ್ಣ ಎನ್ನುವುದು. ಈ ಅಂಗಿ ತೊಟ್ಟವಕ್ಕೆ ಅಸಿಟೋನಿನ ಸಹವಾಸ ಹಿತ, ಅದರೊಡನೆ ಮೇಲೇರುತ್ತವೆ. ನಿಕಲ್ ಆ ಅಂಗಿಗೆ ಸುಲಭವಾಗಿ ಒಪ್ಪುವುದಿಲ್ಲ. ನೀರನ್ನು ಹಿಡಿದು ನಿಂತುಬಿಡುತ್ತದೆ. ಅಂಗಿ ಬದಲಾದದ್ದು ಕೋಬಾಲ್ಟಿನಲ್ಲಿ ಕಣ್ಣಿಗೇ ಕಾಣುತ್ತದೆ: ನೀರಿನಲ್ಲಿ ಗುಲಾಬಿಯಾಗಿದ್ದದ್ದು ಗಟ್ಟಿ ಆಮ್ಲದಲ್ಲಿ ನೀಲಿಯಾಗುತ್ತದೆ. ಪರೀಕ್ಷೆಗೆ ಓದುವವರು ಲೆಕ್ಕವನ್ನೂ ತಿಳಿದಿರಲಿ. ದ್ರವ 10 ಸೆಂಟಿಮೀಟರ್ ಏರಿ ಕಲೆ 6 ಏರಿದ್ದರೆ, ಅದರ ಆರ್‌ಎಫ್ ಬೆಲೆ 0.6.

ಇಷ್ಟನ್ನು ಕಲಿತವರು ಬಾವಿಯ ನೀರನ್ನೂ ಹೀಗೆಯೇ ಪರೀಕ್ಷಿಸೋಣವೆನ್ನುವುದು ಸಹಜ. ಕಾರ್ಖಾನೆಗಳಿಂದ ಪಟಾನ್‌ಚೆರು ಸುತ್ತಿನ ನೀರು ಕೆಟ್ಟ ವಿಷಯ 1990ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇ ಏರಿತ್ತಲ್ಲವೆ? ಆದರೆ ಲೆಕ್ಕ ಹಾಕಿ ನೋಡಿರಿ. ಕಾಗದಕ್ಕಿಡುವ ತೊಟ್ಟು ಮಿಲಿಲೀಟರಿನ ನೂರರಲ್ಲೊಂದು ಪಾಲು. ಕಲೆ ಕಾಣಲು 1 ಮೈಕ್ರೋಗ್ರಾಂ ನಿಕಲ್ ಬೇಕೆಂದಿಟ್ಟುಕೊಂಡರೆ, ಆ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಇರಬೇಕಾಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.02 ಮಿಲಿಗ್ರಾಂ. ಐದು ಸಾವಿರ ಪಟ್ಟು ಅಂತರ! ಕಾಗದದಲ್ಲಿ ಕಲೆ ಬಿದ್ದರೆ ಆ ನೀರನ್ನು ಮುಟ್ಟಬೇಡಿ. ಕಲೆ ಬೀಳಲಿಲ್ಲವೆಂದು ಮಗುವಿಗೆ ಕುಡಿಸಲೂ ಬೇಡಿ. ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರವಿರುವ ನೀರಿನ ಪರೀಕ್ಷಾಲಯಕ್ಕೆ ಒಯ್ದು, ಯಾವ ಲೋಹಗಳನ್ನು ನೋಡಬೇಕೆಂದು ಹೆಸರು ಹಿಡಿದು ಬರೆದುಕೊಡಿ. ಬರೇ ‘ನೀರು ಪರೀಕ್ಷೆ’ ಎಂದರೆ ಗಡಸುತನ, ಉಪ್ಪು ನೋಡಿ ಕಳುಹಿಸಿಬಿಡಬಹುದು.