ಕೂಡಿ ಮಾಡಿದ ಸಂಶೋಧನೆ: ಪೇಟೆಂಟಿನ ಹಕ್ಕು ಯಾರದು?

ಹೊಸ ಆವಿಷ್ಕಾರವನ್ನು ಅನ್ಯರು ಬಳಸದಂತೆ ತಡೆಯುವ ಹಕ್ಕೇ ಪೇಟೆಂಟ್. ಭಾರತದಲ್ಲಿ ಅರ್ಜಿ ಸಲ್ಲಿಸಿದ ದಿನದಿಂದ ಇದರ ಅವಧಿ 20 ವರ್ಷ. ಹಲವರು ಕೂಡಿ ದುಡಿದಾಗ ಈ ಹಕ್ಕು ಯಾರಿಗೆ ಸಲ್ಲಬೇಕು?

ಅಮೆರಿಕದ ಒಂದು ಮೊಕದ್ದಮೆ ಇದಕ್ಕೆ ನಿದರ್ಶನ. ಎ.ಜೆಡ್.ಟಿ. ಎಂಬ ಔಷಧವು ಏಡ್ಸ್ ರೋಗಕ್ಕೆ ಉಪಯುಕ್ತವೆಂಬ ಕಲ್ಪನೆಯನ್ನು ತಳೆದ ಬರೋಸ್ ವೆಲ್ಕಮ್ ಕಂಪೆನಿಯವರು 1985ರಲ್ಲಿ ಅದನ್ನು ಸರಕಾರಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳಿಂದ ಪರೀಕ್ಷೆ ಮಾಡಿಸಿದರು. ಮಾನವ ಜೀವಕೋಶಗಳಲ್ಲಿ ಅದು ವೈರಾಣುವನ್ನು ತಡೆಯುವುದೆಂದು ತೋರಿಸಿದವರು ಈ ವಿಜ್ಞಾನಿಗಳೇ. ಆದರೂ 1994ರಲ್ಲಿ ಮೇಲ್ಮನವಿ ನ್ಯಾಯಾಲಯವು ಆರು ಪೇಟೆಂಟುಗಳ ಪೈಕಿ ಐದರಲ್ಲಿ ಕಂಪೆನಿಯವರನ್ನೇ ಆವಿಷ್ಕಾರಕರೆಂದು ಎತ್ತಿಹಿಡಿಯಿತು. ಆರನೆಯದನ್ನು ಮರುವಿಚಾರಣೆಗೆ ಕಳುಹಿಸಿತು. ಪೂರ್ಣರೂಪದ ಕಲ್ಪನೆಯನ್ನು ತಳೆದವನು ಆವಿಷ್ಕಾರಕನೇ ಹೊರತು ಅದನ್ನು ಬರಿದೆ ಪರೀಕ್ಷಿಸಿ ದೃಢಪಡಿಸಿದವನಲ್ಲ ಎಂಬುದು ತೀರ್ಪಿನ ತಿರುಳು.

ಇನ್ನು, ಪೇಟೆಂಟ್ ಜಂಟಿಯಾಗಿಯೇ ದೊರೆತರೆ ಅದರ ಹಂಚಿಕೆ ಹೇಗೆ? ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆಯ 50ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಎಲ್ಲರಿಗೂ ಅವಿಭಜಿತ ಸಮಪಾಲು. ಯಾರ ದುಡಿಮೆ ಹೆಚ್ಚು ಎಂಬುದು ಲೆಕ್ಕಕ್ಕಿಲ್ಲ. ಪ್ರತಿಯೊಬ್ಬನೂ ಸ್ವಂತ ಲಾಭಕ್ಕಾಗಿ ಅದನ್ನು ಬಳಸಬಹುದು. ಜೊತೆಗಾರನಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಅನ್ಯರಿಗೆ ಪರವಾನಗಿ ನೀಡಲು ಅಥವಾ ತನ್ನ ಪಾಲನ್ನು ಮಾರಲು ಉಳಿದವರ ಒಪ್ಪಿಗೆ ಅಗತ್ಯ. ಹೀಗಾಗಿ ಕಾರ್ಖಾನೆಯುಳ್ಳ ಕಂಪೆನಿಗೆ ಇದು ಅನುಕೂಲ. ತಯಾರಿಕೆಯ ಸೌಲಭ್ಯವಿಲ್ಲದ ವಿದ್ಯಾಸಂಸ್ಥೆಗೆ ಪಾಲಿದ್ದೂ ಫಲವಿಲ್ಲದಂತಾದೀತು.

ಆದುದರಿಂದ ಪ್ರಯೋಗಾಲಯಗಳಲ್ಲಿ ದುಡಿಯುವ ನಮ್ಮ ಹಳೆವಿದ್ಯಾರ್ಥಿಗಳು ತಮ್ಮ ಕಲ್ಪನೆಗಳನ್ನು ದಿನಾಂಕಸಹಿತ ಬರೆದಿಡುವುದೂ, ಪಾಲು ಪರವಾನಗಿಗಳನ್ನು ಕೆಲಸಕ್ಕೆ ತೊಡಗುವ ಮೊದಲೇ ಕರಾರಿನಲ್ಲಿ ಸ್ಪಷ್ಟಪಡಿಸಿಕೊಳ್ಳುವುದೂ ಲೇಸು.